ಒಪ್ಪಂದ ದೆಹಲಿಯಲ್ಲಿ, ತಾಪತ್ರಯ ಪೀಣ್ಯದಲ್ಲಿ

ಗೆ,
ಮಾನ್ಯ ರಕ್ಷಣಾ ಸಚಿವರು ಹಾಗೂ ಮಾನ್ಯ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರು,
ಭಾರತ ಸರ್ಕಾರ, ನವದೆಹಲಿ.

ಪ್ರತಿ: ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರು, ಕರ್ನಾಟಕ ಸರ್ಕಾರ.

ವಿಷಯ: ಬಾಹ್ಯಾಕಾಶ ಮತ್ತು ರಕ್ಷಣಾ ಪೂರೈಕೆಯ ಭದ್ರತೆಗಾಗಿ ಮಿತ್ರರಾಷ್ಟ್ರಗಳೊಡನೆ ಮಾಡಿಕೊಂಡ ಒಪ್ಪಂದಗಳು ಸಣ್ಣ ಕೈಗಾರಿಕೆಗಳ ತನಕ ಇಳಿದು ಬಾರದಿರುವ ಬಗ್ಗೆ.

ಮಾನ್ಯರೇ,

ಬೆಂಗಳೂರಿನ ಪೀಣ್ಯದಲ್ಲಿ ಸಣ್ಣದೊಂದು ಮಷಿನ್ ಶಾಪ್ ನಡೆಸುವವನು ನಾನು. ವಿಮಾನ, ಉಪಗ್ರಹ, ಕ್ಷಿಪಣಿಗಳ ಒಳಗೆ ಎಲ್ಲೋ ಕೂರುವ ಬ್ರಾಕೆಟ್, ಬುಷ್, ಫಿಟಿಂಗ್, ವಾಲ್ವ್ ಬಾಡಿಗಳನ್ನು ಮಷಿನಿಂಗ್ ಮಾಡಿ ಕೊಡುವುದು ನಮ್ಮ ಕಸುಬು. ಎಚ್‌ಎಎಲ್ ಆಗಲಿ, ಇಸ್ರೋ ಆಗಲಿ, ಡಿಆರ್‌ಡಿಒ ಆಗಲಿ ನಮಗೆ ನೇರವಾಗಿ ಆರ್ಡರ್ ಕೊಡುವುದು ಕಡಿಮೆ. ಅವರು ದೊಡ್ಡ ಕಂಪನಿಗೆ ಕೊಡುತ್ತಾರೆ, ದೊಡ್ಡ ಕಂಪನಿ ಇನ್ನೊಂದಕ್ಕೆ ಕೊಡುತ್ತದೆ, ಅಲ್ಲಿಂದ ಡ್ರಾಯಿಂಗು ನಮ್ಮ ಶೆಡ್ಡಿಗೆ ಬರುತ್ತದೆ. ಸರ್ಕಾರಿ ಕಾಗದದಲ್ಲಿ ನಾವು ಮೂರನೇ ಹಂತದ ಪೂರೈಕೆದಾರರು.

ಈಚೆಗೆ ಪತ್ರಿಕೆ ತೆರೆದರೆ ಪೂರೈಕೆ ಸರಪಳಿಯದೇ ಮಾತು. ಅಮೆರಿಕದ ಜೊತೆ ಒಪ್ಪಂದ, ಜಪಾನ್ ಜೊತೆ ಮಾತುಕತೆ, ಕ್ವಾಡ್ ಸಭೆಯಲ್ಲಿ ಖನಿಜಗಳ ಘೋಷಣೆ. ಓದಿ ಸಂತೋಷಪಟ್ಟವರಲ್ಲಿ ನಾವೂ ಇದ್ದೇವೆ. ಆದರೆ ಆ ಒಪ್ಪಂದಗಳಿಂದ ನಮ್ಮ ಕಚ್ಚಾಮಾಲು ಒಂದು ವಾರ ಬೇಗ ಬಂದಿಲ್ಲ, ಒಂದು ಅರ್ಜಿ ಕಡಿಮೆಯಾಗಿಲ್ಲ, ಒಂದು ಬಿಲ್ಲು ಬೇಗ ಪಾಸಾಗಿಲ್ಲ. ಹೋಳಿಗೆಯ ಬುಟ್ಟಿ ಮೊದಲ ಪಂಕ್ತಿಯಲ್ಲೇ ಖಾಲಿಯಾಗುತ್ತಿದೆ, ಕೊನೆಯ ಪಂಕ್ತಿಯವರು ಎಲೆ ಹಾಸಿಕೊಂಡು ಕೂತೇ ಇದ್ದಾರೆ. ಇದೇ ನಮ್ಮ ಕುಂದುಕೊರತೆ. ವಿವರ ಹೇಳಲು ಅಪ್ಪಣೆ ಕೊಡಬೇಕು.

ಮೊದಲಿಗೆ ನಾವು ಯಾರೆಂಬುದು ತಮಗೆ ನೆನಪಿರಲಿ. ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರ ತಂಡ ಇಲ್ಲಿ ಕೂತು ಕಟ್ಟಿದ ಸುಮಾರು 360 ಕಿಲೋ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟ ತನ್ನ ಕಪುಸ್ತಿನ್ ಯಾರ್ ನೆಲೆಯಿಂದ ಹಾರಿಸಿಕೊಟ್ಟಿತು. ಉಪಗ್ರಹ ನಮ್ಮದು, ರಾಕೆಟ್ಟು ಸ್ನೇಹಿತರದು. ಅಂದಿನಿಂದ ಇಂದಿನವರೆಗೆ ಈ ಉದ್ಯಮ ಸ್ವಂತ ದುಡಿಮೆ, ಸ್ನೇಹಿತರ ಸಹಾಯ ಎರಡನ್ನೂ ನಂಬಿಯೇ ನಡೆದಿದೆ. ಸ್ನೇಹ ಬೇಡವೆಂದು ನಾವು ಹೇಳುತ್ತಿಲ್ಲ. ಸ್ನೇಹದ ಕರಾರು ಕೆಳಗಿನವರ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ ಎನ್ನುತ್ತಿದ್ದೇವೆ.

2024ರ ಆಗಸ್ಟ್ 22ರಂದು ವಾಷಿಂಗ್ಟನ್‌ನಲ್ಲಿ ಭಾರತ ಮತ್ತು ಅಮೆರಿಕ ಪೂರೈಕೆ ಭದ್ರತಾ ಒಪ್ಪಂದಕ್ಕೆ ಸಹಿ ಹಾಕಿದವು. ಅಮೆರಿಕ ಇಂಥ ಒಪ್ಪಂದ ಮಾಡಿಕೊಂಡ 18ನೇ ದೇಶ ನಮ್ಮದು. ಅದರ ತಿರುಳು ಇಷ್ಟು: ತುರ್ತು ಬಂದಾಗ ಒಬ್ಬರ ರಕ್ಷಣಾ ಸಾಮಗ್ರಿಯನ್ನು ಇನ್ನೊಬ್ಬರು ಆದ್ಯತೆಯ ಮೇಲೆ ಕೊಡಬೇಕು. ಅಮೆರಿಕದ ಕಡೆ ಇದಕ್ಕೆ 1950ರ ರಕ್ಷಣಾ ಉತ್ಪಾದನಾ ಕಾಯ್ದೆಯ ಬಲವಿದೆ. ಸರ್ಕಾರ ಒಂದು ಆರ್ಡರಿಗೆ ಆದ್ಯತೆಯ ಮುದ್ರೆ ಒತ್ತಿದರೆ ಅಲ್ಲಿನ ಕಂಪನಿ ಉಳಿದ ಕೆಲಸ ಬದಿಗಿಟ್ಟು ಅದನ್ನು ಮುಗಿಸಲೇಬೇಕು. ನಮ್ಮ ಕಡೆ ಅಂಥ ಕಾಯ್ದೆಯ ಬಲವಿಲ್ಲ. ಭಾರತದ ಕಂಪನಿಗಳು ಒಂದು ನೀತಿಸಂಹಿತೆಗೆ ಸ್ವಯಂಪ್ರೇರಣೆಯಿಂದ ಒಪ್ಪಿಕೊಂಡು, ಅಮೆರಿಕದ ಆರ್ಡರುಗಳಿಗೆ ಆದ್ಯತೆ ಕೊಡಲು ಸಾಧ್ಯವಾದ ಎಲ್ಲ ಪ್ರಯತ್ನ ಮಾಡಬೇಕು ಎಂಬ ಏರ್ಪಾಡು. ಒಪ್ಪಂದ ಇಬ್ಬರನ್ನೂ ಕಾನೂನಿನಿಂದ ಕಟ್ಟಿಹಾಕುವಂಥದ್ದೂ ಅಲ್ಲ.

ಇಲ್ಲೇ ನಮ್ಮ ಮೊದಲ ಪ್ರಶ್ನೆ. ನನ್ನ ಮೇಜಿನ ಮೇಲೆ ಎರಡು ಪರ್ಚೇಸ್ ಆರ್ಡರುಗಳಿವೆ ಎನ್ನಿ. ಒಂದು ತೇಜಸ್ ವಿಮಾನದ ಫಿಟಿಂಗು, ಇನ್ನೊಂದು ಅಮೆರಿಕದ ಕಂಪನಿಗೆ ಹೋಗಬೇಕಾದ ಭಾಗ. ಮಷಿನ್ ಒಂದೇ, ಆಪರೇಟರ್ ಒಬ್ಬನೇ. ತುರ್ತು ಬಂದರೆ ಯಾವುದನ್ನು ಮೊದಲು ಮಷಿನಿಗೆ ಏರಿಸಲಿ? ಹಿಂದಕ್ಕೆ ಬಿದ್ದ ಆರ್ಡರಿನ ದಂಡ ಯಾರು ಕಟ್ಟಬೇಕು? ನೀತಿಸಂಹಿತೆ ಎಂಬುದು ನನ್ನ ಕೈಗೂ ಬಂದಿಲ್ಲ, ನನ್ನ ಸುತ್ತಲಿನ ಶೆಡ್ಡಿನವರ ಕೈಗೂ ಬಂದಿಲ್ಲ. ದೇಶದ ಹೆಸರಿನಲ್ಲಿ ನಾವು ಕೊಡಬೇಕಾದ ಮಾತಿನ ಒಕ್ಕಣೆಯನ್ನು ನಮಗೇ ತೋರಿಸದಿದ್ದರೆ ಹೇಗೆ, ಸ್ವಾಮಿ?

ಎರಡನೆಯದು ಕಚ್ಚಾಮಾಲಿನ ಕಥೆ. ಟೈಟಾನಿಯಂ ರಾಡ್, ನಿಕಲ್ ಮಿಶ್ರಲೋಹ, ವಿಮಾನ ದರ್ಜೆಯ ಅಲ್ಯೂಮಿನಿಯಂ ಪ್ಲೇಟು ಇವೆಲ್ಲ ನಮ್ಮ ದಿನನಿತ್ಯದ ಮಾಲು. ಹೈದರಾಬಾದಿನ ಮಿಧಾನಿ ಒಂದಷ್ಟು ಮಾಡಿಕೊಡುತ್ತದೆ, ಉಳಿದದ್ದು ಹೊರಗಿನಿಂದ ಬರಬೇಕು. ಹೊರಗಿನ ಮಿಲ್ಲುಗಳು ಟನ್ ಲೆಕ್ಕದಲ್ಲಿ ಮಾರುತ್ತವೆ, ನಮಗೆ ಬೇಕಾದದ್ದು ಕಿಲೋ ಲೆಕ್ಕದಲ್ಲಿ. ಪೂರ್ತಿ ಲಾಟ್ ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಡೆಡ್ ಸ್ಟಾಕ್ ಆಗಿ ಬಿದ್ದಿರುತ್ತದೆ, ಅದರ ಮೇಲೆ ಬ್ಯಾಂಕಿನ ಬಡ್ಡಿ ಬೆಳೆಯುತ್ತದೆ. ಬೇಡವೆಂದು ವ್ಯಾಪಾರಿಯ ಹತ್ತಿರ ತುಂಡು ಕೊಂಡರೆ ಅದರ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟು ಅಸಲಿಯೋ ನಕಲಿಯೋ ಎಂಬ ಆತಂಕ. ಇದು ಕೇವಲ ನಮ್ಮ ಗೋಳಲ್ಲ. 2024ರಲ್ಲಿ ಬೋಯಿಂಗ್ ಮತ್ತು ಏರ್‌ಬಸ್ ವಿಮಾನಗಳೊಳಕ್ಕೇ ಸುಳ್ಳು ದಾಖಲೆಯ ಟೈಟಾನಿಯಂ ಸೇರಿಕೊಂಡಿತ್ತೆಂದು ಅಮೆರಿಕದ ವಿಮಾನಯಾನ ಆಡಳಿತ ತನಿಖೆ ನಡೆಸಬೇಕಾಯಿತು. ಅಷ್ಟು ದೊಡ್ಡವರ ಕಣ್ಣು ತಪ್ಪಿಸಿ ಬಂದದ್ದು ನಮ್ಮಂಥವರ ಶೆಡ್ಡಿಗೆ ಬರುವುದು ಎಷ್ಟು ಹೊತ್ತಿನ ಮಾತು?

ಇನ್ನು ಅನುಮತಿ ಪತ್ರಗಳ ಸಿಕ್ಕು. ಹಿಂದೊಮ್ಮೆ ನಮಗೆ ಬೇಕಾದ ರಾಡು ಯುರೋಪಿನಿಂದ ಬರಬೇಕಿತ್ತು. ಅಲ್ಲಿನ ಮಾರಾಟಗಾರರು ರಫ್ತು ಪರವಾನಗಿಗಾಗಿ ಬಳಕೆದಾರರ ಪ್ರಮಾಣಪತ್ರ ಕೇಳಿದರು. ಮಾಲು ಕೊನೆಗೆ ಯಾರ ಕೈ ಸೇರುತ್ತದೆ, ಯಾವ ಯಂತ್ರದೊಳಗೆ ಕೂರುತ್ತದೆ ಎಂದು ಬರೆದು ಸಹಿ ಹಾಕಿಸಿ ಕಳಿಸಬೇಕು. ನನಗೆ ಆರ್ಡರು ಕೊಟ್ಟವರನ್ನು ಕೇಳಿದೆ. ಅದು ಗೌಪ್ಯ, ನಿಮಗೆ ಹೇಳುವ ಹಾಗಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಯಾವ ಕ್ಷಿಪಣಿಗೆ ಯಾವ ಬುಷ್ ಎಂದು ಪೀಣ್ಯಕ್ಕೆಲ್ಲ ಸಾರಿಕೊಂಡು ಬರಲಾಗುತ್ತದೆಯೇ? ಹೊರಗಿನವರು ಕೇಳಿದ್ದರಲ್ಲೂ ತಪ್ಪಿಲ್ಲ, ಅದು ಅವರ ದೇಶದ ಕಾನೂನು. ನಡುವೆ ಸಿಕ್ಕಿಕೊಂಡವನು ನಾನು. ಕಾಗದ ಓಡಾಡುವಷ್ಟರಲ್ಲಿ ತಿಂಗಳುಗಳು ಹೋದವು. ಮಾಲು ಬಂದಾಗ ಡೆಲಿವರಿಯ ಗಡುವು ಮುಗಿದಿತ್ತು. ಬಿಲ್ಲಿನಲ್ಲಿ ಎಲ್‌ಡಿ ಮುರಿದುಕೊಂಡರು.

ಎಲ್‌ಡಿ ಎಂದರೇನೆಂದು ಈ ಪತ್ರ ಓದುವ ಬೇರೆಯವರಿಗೆ ಹೇಳಬೇಕು. ಗಡುವು ಮೀರಿದರೆ ವಾರಕ್ಕೆ ಅರ್ಧ ಪರ್ಸೆಂಟಿನಂತೆ, ಹತ್ತು ಪರ್ಸೆಂಟಿನವರೆಗೆ ಹಣ ಕಡಿತ ಮಾಡುವುದು ಸರ್ಕಾರಿ ಖರೀದಿಯಲ್ಲಿ ರೂಢಿ. ಆ ಷರತ್ತು ಮೇಲಿನ ಕಂಪನಿಯಿಂದ ಒಂದಕ್ಷರವೂ ಬದಲಾಗದೆ ನಮ್ಮವರೆಗೆ ಇಳಿದು ಬರುತ್ತದೆ. ಭೂಕಂಪ, ಪ್ರವಾಹ, ಯುದ್ಧ ಬಂದರೆ ವಿನಾಯಿತಿ ಉಂಟು. ಪರದೇಶದ ಸರ್ಕಾರ ಪರವಾನಗಿ ತಡಮಾಡಿದರೆ ನನ್ನ ಆರ್ಡರಿನಲ್ಲಿ ವಿನಾಯಿತಿಯ ಮಾತಿರಲಿಲ್ಲ. ಮಿತ್ರರಾಷ್ಟ್ರದ ಕಚೇರಿಯಲ್ಲಿ ಕಡತ ಕೂತಿದ್ದಕ್ಕೆ ಪೀಣ್ಯದವನು ದಂಡ ಕಟ್ಟಿದ.

ದೊಡ್ಡವರ ವಿಷಯದಲ್ಲಿ ತಡ ಎಂಬುದು ಹೇಗಿರುತ್ತದೆ ನೋಡಿ. 83 ತೇಜಸ್ ಮಾರ್ಕ್-1ಎ ವಿಮಾನಗಳ ಗುತ್ತಿಗೆ 2021ರ ಫೆಬ್ರವರಿಯಲ್ಲಿ ಆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅವುಗಳಿಗಾಗಿ 99 ಎಫ್-404 ಎಂಜಿನ್‌ಗಳನ್ನು 5,375 ಕೋಟಿ ರೂಪಾಯಿಗೆ ಅಮೆರಿಕದ ಜಿಇ ಕಂಪನಿಯಿಂದ ಕೊಳ್ಳಲು ಸಹಿಯಾಯಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ, ಸುಮಾರು ಎರಡು ವರ್ಷ ತಡವಾಗಿ. ಹಿಂದಿನ ಆರ್ಡರು ಮುಗಿದ ಮೇಲೆ ಆ ಎಂಜಿನ್ನಿನ ಉತ್ಪಾದನಾ ಸಾಲು ವರ್ಷಗಟ್ಟಲೆ ನಿಂತುಹೋಗಿತ್ತು, ಅದನ್ನು ಮತ್ತೆ ಚಾಲೂ ಮಾಡಿ ಚದುರಿಹೋದ ಪೂರೈಕೆದಾರರನ್ನು ಒಟ್ಟುಗೂಡಿಸಬೇಕಾಯಿತು ಎಂಬ ವಿವರಣೆ ಬಂತು. ಅಷ್ಟರಲ್ಲಿ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ನಿವೃತ್ತಿಯಾಯಿತು, 42 ಸ್ಕ್ವಾಡ್ರನ್ ಇರಬೇಕಾದ ವಾಯುಪಡೆಯಲ್ಲಿ 29 ಉಳಿದವು.

ಇದನ್ನು ಕಂಪನಿಯನ್ನು ಬೈಯಲು ಬರೆದದ್ದಲ್ಲ. ಆ ವಿವರಣೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಆರ್ಡರು ನಿಂತರೆ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಕೆಳಗಿನ ಸಣ್ಣ ಕಾರ್ಖಾನೆಯವನು ಬೇರೆ ಕೆಲಸ ಹಿಡಿಯುತ್ತಾನೆ, ಪಳಗಿದ ಆಪರೇಟರ್ ಊರಿಗೆ ಹೋಗುತ್ತಾನೆ. ಅಮೆರಿಕದಲ್ಲಿ ಆದದ್ದು ಪೀಣ್ಯದಲ್ಲಿ ಪ್ರತಿ ವರ್ಷ ಆಗುತ್ತಿದೆ. ಸಾವಿರ ಕೋಟಿಯ ಎಂಜಿನ್ ಕಾರ್ಖಾನೆಗೇ ಕೆಳಗಿನವರಿಲ್ಲದೆ ಏಳಲಾಗಲಿಲ್ಲ ಎಂದಮೇಲೆ, ಕೆಳಗಿನವರನ್ನು ಜೀವಂತ ಇಟ್ಟುಕೊಳ್ಳುವುದೇ ಪೂರೈಕೆ ಭದ್ರತೆಯ ಮೊದಲ ಕೆಲಸವಾಗಬೇಕಲ್ಲವೇ?

ಈಗ ಯಂತ್ರಗಳ ವಿಷಯ. ವಕ್ರವಾದ ಮೇಲ್ಮೈಗಳನ್ನು ಕೊರೆಯಲು ಐದು ಅಕ್ಷದ ಸಿಎನ್‌ಸಿ ಯಂತ್ರ ಬೇಕು. ಒಳ್ಳೆಯವು ಜಪಾನ್, ಜರ್ಮನಿಯಿಂದ ಬರುತ್ತವೆ, ಅವುಗಳ ರಫ್ತಿಗೆ ಕಟ್ಟುನಿಟ್ಟಿನ ನಿಯಂತ್ರಣವಿದೆ. ಇದಕ್ಕೊಂದು ಹಿನ್ನೆಲೆಯೂ ಇದೆ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಮಷಿನ್ ಮತ್ತು ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಗಳು ಸೋವಿಯತ್ ಒಕ್ಕೂಟಕ್ಕೆ ಇಂಥ ಯಂತ್ರ ಮತ್ತು ಅದರ ನಿಯಂತ್ರಕಗಳನ್ನು ಕದ್ದುಮುಚ್ಚಿ ಮಾರಿದವು. ಅವುಗಳಿಂದ ಜಲಾಂತರ್ಗಾಮಿಗಳ ಪ್ರೊಪೆಲ್ಲರ್ ಸದ್ದು ಕಡಿಮೆ ಮಾಡಿಕೊಂಡರು ಎಂಬ ಆರೋಪ 1987ರಲ್ಲಿ ಹೊರಬಿದ್ದು ದೊಡ್ಡ ರಂಪವಾಯಿತು. ಈಗ ಹಲವು ಯಂತ್ರಗಳೊಳಗೆ ಜಾಗ ಬದಲಿಸಿದರೆ ಗುರುತಿಸುವ ಸೆನ್ಸರ್ ಇರುತ್ತದೆ. ಈ ಶೆಡ್ಡಿನಿಂದ ಪಕ್ಕದ ಶೆಡ್ಡಿಗೆ ಸಾಗಿಸಿದರೂ ಯಂತ್ರ ಲಾಕ್ ಆಗುತ್ತದೆ. ತಯಾರಕರ ಕಡೆಯವರು ಬಂದು ನೋಡಿ, ಅಲ್ಲಿಂದ ಒಪ್ಪಿಗೆ ತರಿಸಿ ತೆರೆಯುವ ತನಕ ಕೋಟಿಗಟ್ಟಲೆ ಬೆಲೆಯ ಯಂತ್ರ ಸುಮ್ಮನೆ ನಿಂತಿರಬೇಕು, ಸಾಲದ ಕಂತು ಮಾತ್ರ ಓಡುತ್ತಿರುತ್ತದೆ. ಬಾಡಿಗೆ ಶೆಡ್ಡಿನಲ್ಲಿ ಇರುವವನಿಗೆ ಮಾಲೀಕ ಖಾಲಿ ಮಾಡು ಎಂದರೆ ಎದೆ ಧಸಕ್ಕೆನ್ನುತ್ತದೆ. ಭಾರತ 2017ರ ಡಿಸೆಂಬರ್‌ನಲ್ಲೇ ಇಂಥ ಸರಕುಗಳ ರಫ್ತು ನಿಯಂತ್ರಿಸುವ ವಾಸೆನಾರ್ ಒಕ್ಕೂಟದ ಸದಸ್ಯ ರಾಷ್ಟ್ರವಾಗಿದೆ. ನಮ್ಮನ್ನೂ ನಂಬುವವರ ಸಾಲಿಗೆ ಸೇರಿಸಿಕೊಂಡ ಮೇಲೆ ಈ ಬೀಗ ತೆರೆಯುವ ಕೆಲಸಕ್ಕೆ ದಿನಗಳ ಗಡುವು ಹಾಕಿಸುವುದು ತಮ್ಮಿಂದ ಆಗದ ಮಾತೇ?

ಯಂತ್ರ ಇದ್ದರೂ ಹರಿತ ಬೇಕಲ್ಲ. ಲೋಹ ಕತ್ತರಿಸುವ ಕಾರ್ಬೈಡ್ ಇನ್ಸರ್ಟು ಇಲ್ಲದೆ ಪೀಣ್ಯದ ಒಂದು ಶೆಡ್ಡೂ ಬಾಗಿಲು ತೆರೆಯುವುದಿಲ್ಲ. ಅದರ ಜೀವಾಳ ಟಂಗ್‌ಸ್ಟನ್, ಅದರ ಹಿಡಿತ ಚೀನಾದ ಕೈಯಲ್ಲಿ. 2025ರ ಫೆಬ್ರವರಿಯಲ್ಲಿ ಚೀನಾ ಟಂಗ್‌ಸ್ಟನ್ ರಫ್ತಿಗೆ ಪರವಾನಗಿಯ ನಿಯಮ ಹಾಕಿತು, ಏಪ್ರಿಲ್‌ನಲ್ಲಿ ಸಮೇರಿಯಂ, ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ಅಪರೂಪದ ಲೋಹಗಳಿಗೂ (ರೇರ್ ಅರ್ತ್) ಅದನ್ನೇ ಮಾಡಿತು. ಇನ್ಸರ್ಟಿನ ಬೆಲೆ ಏರಿದ್ದು ನಮ್ಮ ಲೆಕ್ಕದ ಪುಸ್ತಕದಲ್ಲಿದೆ. ಆರ್ಡರಿನ ದರ ಮಾತ್ರ ಹಳೆಯದೇ, ರೇಟ್ ಕಾಂಟ್ರಾಕ್ಟ್ ಮುಗಿಯುವ ತನಕ ಬಾಯಿ ಬಿಡುವ ಹಾಗಿಲ್ಲ.

ಚೀನಾದ ಹಿಡಿತ ಎಷ್ಟು ಆಳದವರೆಗಿದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. 2022ರ ಸೆಪ್ಟೆಂಬರ್‌ನಲ್ಲಿ ಪೆಂಟಗನ್ ತನ್ನ ಎಫ್-35 ಯುದ್ಧವಿಮಾನಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಬೇಕಾಯಿತು. ವಿಮಾನದ ಒಂದು ಪಂಪಿನ ಮ್ಯಾಗ್ನೆಟ್ಟಿನಲ್ಲಿ ಚೀನಾದ ಕೋಬಾಲ್ಟ್-ಸಮೇರಿಯಂ ಮಿಶ್ರಲೋಹ ಸಿಕ್ಕಿತ್ತು. ಬದಲಿ ದಾರಿ ತಕ್ಷಣಕ್ಕೆ ಇಲ್ಲದೆ ಮುಂದಿನ ತಿಂಗಳು ವಿನಾಯಿತಿ ಕೊಟ್ಟು ವಿಮಾನ ತೆಗೆದುಕೊಂಡರು. ಆ ಮ್ಯಾಗ್ನೆಟ್ಟನ್ನು ವಿಮಾನ ಕಂಪನಿ ತಾನೇ ಮಾಡಿದ್ದಲ್ಲ, ಅದು ಬಂದದ್ದು ಹಲವು ಮೆಟ್ಟಿಲು ಕೆಳಗಿನ ಪೂರೈಕೆದಾರನಿಂದ. ಅಂದರೆ ಸರಪಳಿ ತುಂಡಾಗುವುದೂ ಸೋರುವುದೂ ನಮ್ಮಂಥವರು ಇರುವ ಜಾಗದಲ್ಲಿ. ಕಾವಲು ಮಾತ್ರ ಮೇಲಿನ ಗೇಟಿನಲ್ಲಿದೆ.

ನೆರವು ನಿಂತಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ತರಲು 1991ರಲ್ಲಿ ಒಪ್ಪಂದವಾಗಿತ್ತು. 1992ರ ಮೇ ತಿಂಗಳಲ್ಲಿ ಅಮೆರಿಕ ಇಸ್ರೋ ಮೇಲೆ ನಿರ್ಬಂಧ ಹಾಕಿತು. ಮರುವರ್ಷ ರಷ್ಯಾ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿದು, ಸಿದ್ಧ ಎಂಜಿನ್‌ಗಳನ್ನಷ್ಟೇ ಕೊಡಲು ಒಪ್ಪಿತು. ನಾವೇ ಮಾಡಿದ ಕ್ರಯೋಜೆನಿಕ್ ಹಂತ 2010ರ ಏಪ್ರಿಲ್‌ನಲ್ಲಿ ಸೋತು, 2014ರ ಜನವರಿ 5ರಂದು ಗೆದ್ದಿತು. 1998ರ ಪೋಖ್ರಾನ್ ಪರೀಕ್ಷೆಯ ನಂತರ, ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರ್‌ಗಳು ಬರಿಗೈಯಲ್ಲಿ ವಾಪಸ್ಸಾದರು. ಉಳಿದದ್ದನ್ನು ಇಲ್ಲೇ ಮುಗಿಸಿ 2001ರ ಜನವರಿ 4ರಂದು ವಿಮಾನ ಹಾರಿಸಿದರು. ಹೊರಗಿನಿಂದ ತಂದದ್ದು ಕೆಟ್ಟುಹೋದದ್ದೂ ಉಂಟು: ದಾರಿ ತೋರುವ ನಾವಿಕ್ ಉಪಗ್ರಹಗಳಿಗೆ ಯುರೋಪಿನಿಂದ ತಂದ ಪರಮಾಣು ಗಡಿಯಾರಗಳಲ್ಲಿ, ಮೊದಲ ಉಪಗ್ರಹದ ಮೂರೂ ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮದೇ ರುಬಿಡಿಯಂ ಗಡಿಯಾರ ಹೋಯಿತು.

ಕಾಲ ಬದಲಾದದ್ದೂ ನಿಜ. 2025ರ ಜುಲೈ 30ರಂದು ನಾಸಾ ಮತ್ತು ಇಸ್ರೋ ಜೊತೆಗೂಡಿ ಮಾಡಿದ ನಿಸಾರ್ ಉಪಗ್ರಹ ಶ್ರೀಹರಿಕೋಟಾದಿಂದ ಹಾರಿತು. ಅದರ ಜೋಡಣೆ ನಡೆದದ್ದು ನಮ್ಮ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅದನ್ನು ಹೊತ್ತೊಯ್ದದ್ದು ಜಿಎಸ್‌ಎಲ್‌ವಿ. ಯಾವ ಕ್ರಯೋಜೆನಿಕ್ ತಂತ್ರಜ್ಞಾನ ನಮಗೆ ಸಿಗಬಾರದೆಂದು ಒಂದು ಕಾಲಕ್ಕೆ ಅಡ್ಡ ಹಾಕಿದರೋ, ನಾವೇ ಕಟ್ಟಿದ ಅದೇ ತಂತ್ರಜ್ಞಾನದ ರಾಕೆಟ್ಟು ಅವರ ರೇಡಾರನ್ನು ಕಕ್ಷೆಗೆ ಸೇರಿಸಿತು. ಹೆಮ್ಮೆಯ ಸಂಗತಿಯೇ. ಆದರೆ 1992ಕ್ಕೂ 2025ಕ್ಕೂ ನಡುವೆ 33 ವರ್ಷ. ಕಷ್ಟ ಬಂದಾಗ ಕಲಿಯುತ್ತೇವೆ ಎಂಬುದು ನಿಜ. ಕಲಿಯುವಷ್ಟು ಕಾಲ ಸಣ್ಣ ಕಾರ್ಖಾನೆ ಉಳಿದಿರುತ್ತದೆಯೇ ಎಂಬುದೂ ಪ್ರಶ್ನೆ. ಸಂಸ್ಥೆಗಳಿಗೆ ಸರ್ಕಾರದ ಖಜಾನೆ ಇತ್ತು, ಕಾಯ್ದವು. ನಮಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಬಿಟ್ಟರೆ ಇನ್ನೇನಿದೆ?

ಬೇರೆ ದೇಶಗಳು ಏನು ಮಾಡಿದವು ಎಂಬುದನ್ನು ತಾವು ಬಲ್ಲಿರಿ. 2010ರಲ್ಲಿ ದ್ವೀಪಗಳ ಜಗಳದ ನಡುವೆ ಚೀನಾದಿಂದ ಅಪರೂಪದ ಲೋಹಗಳ ಹರಿವು ನಿಂತಾಗ ಜಪಾನ್ ಎಚ್ಚೆತ್ತಿತು. ಮರುವರ್ಷವೇ ಅದರ ಸರ್ಕಾರಿ ಸಂಸ್ಥೆ ಮತ್ತು ಒಂದು ವ್ಯಾಪಾರಿ ಕಂಪನಿ ಸೇರಿ ಆಸ್ಟ್ರೇಲಿಯಾದ ಲೈನಸ್ ಗಣಿ ಕಂಪನಿಗೆ 25 ಕೋಟಿ ಡಾಲರ್ ಒದಗಿಸಿದವು. ಕೈಗಾರಿಕೆಗೆ ಬೇಕಾದ ಮುಖ್ಯ ಲೋಹಗಳನ್ನು ದಾಸ್ತಾನು ಇಡುವ ಪದ್ಧತಿ ಅಲ್ಲಿ 1983ರಿಂದಲೇ ಇದೆ. ಅಮೆರಿಕದ ರಕ್ಷಣಾ ಇಲಾಖೆ 2025ರ ಜುಲೈನಲ್ಲಿ ಎಂಪಿ ಮೆಟೀರಿಯಲ್ಸ್ ಎಂಬ ಗಣಿ ಕಂಪನಿಯಲ್ಲಿ ತಾನೇ 40 ಕೋಟಿ ಡಾಲರ್ ಹಾಕಿತು, ನಿಯೋಡಿಮಿಯಂ-ಪ್ರಸಿಯೋಡಿಮಿಯಂಗೆ ಹತ್ತು ವರ್ಷಗಳ ಕನಿಷ್ಠ ಬೆಲೆಯನ್ನೂ ಖಾತರಿ ಮಾಡಿತು. ನಮ್ಮ ರೈತರಿಗೆ ಬೆಂಬಲ ಬೆಲೆ ಎಂದರೆ ಮೂಗು ಮುರಿಯುವ ದೇಶವೇ ತನ್ನ ಲೋಹಕ್ಕೆ ಬೆಂಬಲ ಬೆಲೆ ಕಟ್ಟಿಕೊಟ್ಟಿದೆ.

ನಮ್ಮ ಸರ್ಕಾರವೂ ಸುಮ್ಮನೆ ಕೂತಿಲ್ಲ, ಅದನ್ನು ಒಪ್ಪುತ್ತೇವೆ. ಭಾರತ 2023ರಲ್ಲಿ ಖನಿಜ ಭದ್ರತಾ ಪಾಲುದಾರಿಕೆಗೆ ಸೇರಿತು, 2025ರ ಜುಲೈನಲ್ಲಿ ಕ್ವಾಡ್ ದೇಶಗಳ ಖನಿಜ ಉಪಕ್ರಮದಲ್ಲಿ ಕೈಜೋಡಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ತಯಾರಿಸಲು 7,280 ಕೋಟಿ ರೂಪಾಯಿಯ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಕೇರಳದಿಂದ ಒಡಿಶಾವರೆಗಿನ ಕರಾವಳಿ ಮರಳಿನಲ್ಲಿ ಅಪರೂಪದ ಲೋಹಗಳ ನಿಕ್ಷೇಪವಿದೆ, ದೇಶದ ಒಟ್ಟು ನಿಕ್ಷೇಪ ಸುಮಾರು 70 ಲಕ್ಷ ಟನ್ ಎಂಬ ಅಂದಾಜಿದೆ. ಮರಳಿದ್ದರೂ ಅದನ್ನು ಮ್ಯಾಗ್ನೆಟ್ಟಾಗಿ ಮಾಡುವ ಕಾರ್ಖಾನೆಗಳು ಸಾಲದು. ಯೋಜನೆ ಒಳ್ಳೆಯದೇ. ಆದರೆ ಅದು ದೊಡ್ಡ ಬಂಡವಾಳದವರಿಗೆ. ಇನ್ಸರ್ಟು ಕೊಳ್ಳುವವನಿಗೆ, ಒಂದು ರಾಡು ಹುಡುಕುವವನಿಗೆ ಅದರಲ್ಲಿ ಅಧ್ಯಾಯವಿಲ್ಲ.

ನಮ್ಮ ಕಡೆಯಿಂದಲೂ ತಪ್ಪಾಗದ ಹಾಗೆ ನೋಡಿಕೊಳ್ಳುವ ಹೊಣೆ ನಮಗಿದೆ. 2024ರ ಅಕ್ಟೋಬರ್‌ನಲ್ಲಿ ರಷ್ಯಾಕ್ಕೆ ಸಂಬಂಧಿಸಿದ ನಿರ್ಬಂಧಗಳ ಪಟ್ಟಿಗೆ ಅಮೆರಿಕ 19 ಭಾರತೀಯ ಕಂಪನಿಗಳನ್ನು ಸೇರಿಸಿತು. ಭಾರತದ ಕಾನೂನನ್ನು ಅವು ಮುರಿದಿಲ್ಲ ಎಂದು ವಿದೇಶಾಂಗ ಇಲಾಖೆ ಹೇಳಿತು, ಜೊತೆಗೆ ರಫ್ತು ನಿಯಂತ್ರಣದ ನಿಯಮಗಳನ್ನು ಉದ್ಯಮದವರಿಗೆ ತಿಳಿಸಿಕೊಡುವುದಾಗಿಯೂ ಹೇಳಿತು. ನಮ್ಮ ದೇಶಕ್ಕೂ ಸ್ಕೋಮೆಟ್ ಎಂಬ ಪಟ್ಟಿಯಿದೆ. ಅದರಲ್ಲಿರುವ ವಸ್ತುವನ್ನಾಗಲಿ, ಡ್ರಾಯಿಂಗನ್ನಾಗಲಿ ಅನುಮತಿಯಿಲ್ಲದೆ ಹೊರದೇಶಕ್ಕೆ ಕಳಿಸಿದರೆ ಅಪರಾಧ. ಒಂದು ಇಮೇಲು ಕಳಿಸಿದರೂ ಅದು ರಫ್ತೇ ಆಗಬಹುದು. ಪೀಣ್ಯದಲ್ಲಿ, ಬೆಳಗಾವಿಯಲ್ಲಿ, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿ, ಸಾಲ ಮಾಡಿ ಎರಡು ಮಷಿನ್ ಇಟ್ಟುಕೊಂಡವನು ಈ ಪಟ್ಟಿಯ ಕಾನೂನು ಇಂಗ್ಲಿಷನ್ನು ಓದಿ ಅರ್ಥ ಮಾಡಿಕೊಳ್ಳಬೇಕೆಂದರೆ ವಕೀಲರಿಗೆ ಕೊಡುವ ಫೀಸು ಅವನ ಆರ್ಡರಿಗಿಂತ ದೊಡ್ಡದಾಗುತ್ತದೆ. ತಿಳಿಸಿಕೊಡುವ ಕೆಲಸ ಐಷಾರಾಮಿ ಹೋಟೆಲಿನ ಸಭೆಯಲ್ಲಿ ಮುಗಿಯಬಾರದು. ಕನ್ನಡದಲ್ಲಿ ಬರಬೇಕು, ಶೆಡ್ಡಿನ ಬಾಗಿಲಿಗೆ ಬರಬೇಕು.

ಕೊನೆಯದು ದುಡ್ಡಿನ ಮಾತು. ಸಣ್ಣ ಉದ್ದಿಮೆಯವರಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲಿನ ಬಗ್ಗೆ ತಕರಾರಿದ್ದರೆ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು ಎಂದೂ ಅದರಲ್ಲಿದೆ. ನಡೆಯುವುದು ಬೇರೆ. ಮಾಲು ಹೋಗಿ ಗೋಡೌನಿನಲ್ಲಿ ಕೂತಿರುತ್ತದೆ, ಕೇಳಿದರೆ ಇನ್ಸ್‌ಪೆಕ್ಷನ್ ಬಾಕಿ ಎನ್ನುತ್ತಾರೆ. ಇನ್ಸ್‌ಪೆಕ್ಷನ್ ಆಗದೆ ದಿನದ ಲೆಕ್ಕ ಶುರುವಾಗುವುದೇ ಇಲ್ಲ. ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಮೇಲಿನವರು ತಾವೇ ಲೋಹ ಕೊಟ್ಟು ಕೆಲಸ ಮಾಡಿಸುವಾಗ ಆ ಲೋಹದ ಬೆಲೆಗೆ ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ. ಅವರ ಮಾಲಿಗೆ ನಮ್ಮ ಗ್ಯಾರಂಟಿ ಉಂಟು, ನಮ್ಮ ಹಣಕ್ಕೆ ಯಾರ ಗ್ಯಾರಂಟಿಯೂ ಇಲ್ಲ.

ಎಲ್ಲವನ್ನೂ ಇಲ್ಲೇ ಮಾಡಿಕೊಳ್ಳಿ, ಆತ್ಮನಿರ್ಭರರಾಗಿ ಎಂಬ ಉತ್ತರ ಬರಬಹುದು. ಆಗಲಿ, ದುಡಿಯಲು ಸಿದ್ಧರಿದ್ದೇವೆ. ಆದರೆ ಅಮೆರಿಕಕ್ಕೇ ತನ್ನ ವಿಮಾನದ ಮ್ಯಾಗ್ನೆಟ್ಟನ್ನು ಒಂಟಿಯಾಗಿ ಮಾಡಿಕೊಳ್ಳಲಾಗದ ಕಾಲದಲ್ಲಿ ಯಾವ ದೇಶವೂ ಎಲ್ಲವನ್ನೂ ತಾನೇ ಮಾಡಿಕೊಳ್ಳಲಾರದು. ಅದಕ್ಕಾಗಿಯೇ ತಾವು ಒಪ್ಪಂದಗಳನ್ನು ಮಾಡುತ್ತಿರುವುದು. ಆ ಒಪ್ಪಂದಗಳನ್ನು ಬಿಡಿ ಎಂದು ಕೇಳುತ್ತಿಲ್ಲ, ಪೂರ್ತಿ ಮಾಡಿ ಎಂದು ಕೇಳುತ್ತಿದ್ದೇವೆ. ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

1. ಬೆಂಗಳೂರಿನಲ್ಲಿ ಒಂದು ಸಾಮೂಹಿಕ ಕಚ್ಚಾಮಾಲು ಡಿಪೊ ತೆರೆಯಿರಿ. ಟೈಟಾನಿಯಂ, ನಿಕಲ್ ಮಿಶ್ರಲೋಹ, ವಿಮಾನ ದರ್ಜೆಯ ಅಲ್ಯೂಮಿನಿಯಂ, ಕಾರ್ಬೈಡ್ ಉಪಕರಣಗಳನ್ನು ಸರ್ಕಾರವೇ ಲಾಟ್ ಲೆಕ್ಕದಲ್ಲಿ ತಂದು, ಪರೀಕ್ಷೆ ಮಾಡಿಸಿ, ಪ್ರಮಾಣಪತ್ರದ ಸಮೇತ ತುಂಡು ಲೆಕ್ಕದಲ್ಲಿ ಕೊಡಲಿ. ದಾಸ್ತಾನು ಆರು ತಿಂಗಳ ಬಳಕೆಗಾದರೂ ಸಾಲುವಂತಿರಲಿ.

2. ಬಳಕೆದಾರರ ಪ್ರಮಾಣಪತ್ರವನ್ನು ರಕ್ಷಣಾ ಸಚಿವಾಲಯವೇ ಒಂದು ಸಂಕೇತ ಸಂಖ್ಯೆಯ ಮೇಲೆ ಕೊಡುವ ವ್ಯವಸ್ಥೆಯಾಗಲಿ. ಆ ಸಂಖ್ಯೆಯನ್ನು ಮಿತ್ರರಾಷ್ಟ್ರಗಳ ಪರವಾನಗಿ ಕಚೇರಿಗಳು ಮಾನ್ಯ ಮಾಡುವಂತೆ ಮುಂದಿನ ಮಾತುಕತೆಯಲ್ಲಿ ಕರಾರು ಮಾಡಿಕೊಳ್ಳಿ. ಗುಟ್ಟೂ ಉಳಿಯುತ್ತದೆ, ಕೆಲಸವೂ ನಡೆಯುತ್ತದೆ.

3. ವಿದೇಶಿ ರಫ್ತು ಪರವಾನಗಿಯ ವಿಳಂಬವನ್ನು ಎಲ್‌ಡಿ ವಿನಾಯಿತಿಯ ಕಾರಣಗಳಲ್ಲಿ ಸೇರಿಸಿ. ಆ ವಿನಾಯಿತಿ ಮೊದಲ ಹಂತದ ಕಂಪನಿಗೆ ಸಿಕ್ಕರೆ ಮೂರನೇ ಹಂತದವರಿಗೂ ತಾನಾಗಿ ಸಿಗಬೇಕೆಂದು ಗುತ್ತಿಗೆಯಲ್ಲೇ ಬರೆಯಿರಿ.

4. ಯಂತ್ರಗಳ ಬೀಗ ತೆರೆಯುವುದು, ಬಿಡಿಭಾಗ, ಸಾಫ್ಟ್‌ವೇರ್ ನವೀಕರಣ ಇವುಗಳಿಗೆ ದಿನಗಳ ಗಡುವನ್ನು ಜಪಾನ್ ಮತ್ತು ಯುರೋಪಿನ ಜೊತೆಗಿನ ಮಾತುಕತೆಗಳಲ್ಲಿ ಸೇರಿಸಿ. ಜೊತೆಗೆ, 1962ರಿಂದ ಯಂತ್ರೋಪಕರಣಗಳಲ್ಲಿ ಪಳಗಿದ ಬೆಂಗಳೂರಿನ ಸಿಎಂಟಿಐ ಸಂಸ್ಥೆಗೆ ಐದು ಅಕ್ಷದ ಯಂತ್ರ ಮತ್ತು ನಿಯಂತ್ರಕದ ಕೆಲಸಕ್ಕೆ ಬೇಕಾದ ಹಣ ಕೊಡಿ.

5. ಬಳಸಿ ಬಿಸಾಡುವ ಕಾರ್ಬೈಡ್ ಇನ್ಸರ್ಟು, ಟೈಟಾನಿಯಂ ಚಿಪ್ಸ್ ಇಂದು ಗುಜರಿಯವರ ಕೈಗೆ ಕಿಲೋ ಲೆಕ್ಕದಲ್ಲಿ ಹೋಗುತ್ತಿವೆ. ಅವುಗಳಲ್ಲಿರುವುದು ನಾವು ಪರದೇಶಗಳ ಬಾಗಿಲಲ್ಲಿ ನಿಂತು ತಂದ ಲೋಹ. ಕೈಗಾರಿಕಾ ಪ್ರದೇಶಗಳಲ್ಲಿ ಅವನ್ನು ಸಂಗ್ರಹಿಸಿ, ಲೋಹ ಮರಳಿ ಪಡೆಯುವ ಘಟಕ ಆರಂಭಿಸಿ. ಈ ಕೆಲಸವನ್ನು ರಾಜ್ಯ ಸರ್ಕಾರ ಯಾರಿಗೂ ಕಾಯದೆ ಶುರುಮಾಡಬಹುದು.

6. 45 ದಿನದ ನಿಯಮ ರಕ್ಷಣಾ ಮತ್ತು ಬಾಹ್ಯಾಕಾಶ ಆರ್ಡರುಗಳಲ್ಲಿ ಕೊನೆಯ ಹಂತದವರೆಗೆ ಪಾಲನೆಯಾಗಿದೆ ಎಂಬ ಲೆಕ್ಕ ಕೊಡದೆ, ಮೇಲಿನ ಕಂಪನಿಗೆ ಮುಂದಿನ ಕಂತು ಬಿಡುಗಡೆ ಮಾಡಬೇಡಿ. 15 ದಿನದಲ್ಲಿ ಇನ್ಸ್‌ಪೆಕ್ಷನ್ ಆಗದಿದ್ದರೆ ಮಾಲು ಸ್ವೀಕಾರವಾಯಿತೆಂದೇ ಲೆಕ್ಕ ಹಿಡಿಯಿರಿ.

7. ಪೂರೈಕೆ ಭದ್ರತೆಯ ನೀತಿಸಂಹಿತೆ ಮತ್ತು ಸ್ಕೋಮೆಟ್ ನಿಯಮಗಳ ಸಾರವನ್ನು ಕನ್ನಡದಲ್ಲೂ ಉಳಿದ ರಾಜ್ಯಭಾಷೆಗಳಲ್ಲೂ ಅಚ್ಚು ಹಾಕಿಸಿ. ಇಂಥ ಒಪ್ಪಂದಗಳನ್ನು ರೂಪಿಸುವ ಸಮಿತಿಯಲ್ಲಿ ಸಣ್ಣ ಕೈಗಾರಿಕೆಗಳ ಸಂಘದವರಿಗೊಂದು ಕುರ್ಚಿ ಹಾಕಿ. ಯಾವ ಆರ್ಡರು ಮೊದಲು ಎಂಬ ಪ್ರಶ್ನೆಗೆ ಉತ್ತರವೂ ಅದರಲ್ಲಿರಲಿ: ದೇಶದ ಸೇನೆಯ ಆರ್ಡರು ಮೊದಲು, ಹಿಂದಕ್ಕೆ ಬಿದ್ದ ಆರ್ಡರಿನ ದಂಡ ಸರ್ಕಾರದ್ದು.

ಇವುಗಳಲ್ಲಿ ಮೂರನೆಯದಕ್ಕೆ, ಆರನೆಯದಕ್ಕೆ ಮತ್ತು ಏಳನೆಯದಕ್ಕೆ ಒಂದು ರೂಪಾಯಿಯ ಹೊಸ ಯಂತ್ರವೂ ಬೇಡ, ಯಾವ ಪರದೇಶದ ಒಪ್ಪಿಗೆಯೂ ಬೇಡ. ತಮ್ಮ ಸಹಿಯೊಂದು ಸಾಕು. ದಯವಿಟ್ಟು ಅವುಗಳಿಂದ ಆರಂಭಿಸಿ, ಉಳಿದವಕ್ಕೆ ಗಡುವು ಹೇಳಿ. ಆ ಗಡುವಿಗೂ ವಾರಕ್ಕೆ ಅರ್ಧ ಪರ್ಸೆಂಟು ಎಂದು ನಾವು ಕೇಳುವುದಿಲ್ಲ. ಉತ್ತರ ಮಾತ್ರ ಬರಲಿ, ಅದು ನಮಗೆಲ್ಲ ಓದಲು ಬರುವ ಭಾಷೆಯಲ್ಲಿರಲಿ.

ಇತಿ,
ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಸಣ್ಣ ಉದ್ದಿಮೆದಾರ,
ಬೆಂಗಳೂರು.